ಸುಣ್ಣ ಒಡೆಯದ ಜಲ್ಲಿ ರಾಶಿ

ಹೋದ ವಾರ ಕೃಷ್ಣಮೂರ್ತಿಪುರಂನ ನಮ್ಮ ಪಕ್ಕದ ಮನೆಯವರು ಕಾಂಪೌಂಡಿಗೆ ಸುಣ್ಣ ಹೊಡೆಸುತ್ತಿದ್ದರು. ಹಸಿ ಸುಣ್ಣದ ವಾಸನೆ ಕಿಟಕಿಯಲ್ಲಿ ಬಂದದ್ದೇ ತಡ, ರಾಜೀವನಗರದಾಚೆಯ ಜಲ್ಲಿ ಯಾರ್ಡಿನ ಅಳತೆಯವರು ನೆನಪಾದರು. ಎತ್ತರದ ಮನುಷ್ಯ ಎಂದು ಬರೆಯಲು ಹೊರಟೆ... ನಿಜಕ್ಕೂ ಎತ್ತರವೋ, ರಾಶಿಯ ಮೇಲೆ ನಿಂತಾಗ ಹಾಗೆ ಕಂಡರೋ, ಹೇಳಲಾರೆ.

ಬಿದಿರ ಗಳ, ಹಗ್ಗ, ಒಂದು ಬಕೆಟ್ ಸುಣ್ಣದ ನೀರು, ಇಷ್ಟೇ ಅವರ ಸಾಮಾನು. ಅಳೆದು ಮುಗಿದ ಮೇಲೆ ರಾಶಿಯ ಮೈಗೆಲ್ಲ ಸುಣ್ಣ ಎರಚುತ್ತಿದ್ದರು. ಯಾರಾದರೂ ಒಂದು ಬುಟ್ಟಿ ಕದ್ದರೂ ಬಿಳಿ ಒಡೆದು ಒಳಗಿನ ಕಪ್ಪು ಕಾಣಬೇಕು. ವರ್ಷಗಳ ಹಿಂದೆ ಅದೇ ರಾಶಿಯನ್ನು ಅಳೆಯಲು ನಾನು ಹೋದದ್ದು ಲೇಸರ್ ಸ್ಕ್ಯಾನರ್ ಹಿಡಿದು. ಅದು ಮುಕ್ಕಾಲಿಯ ಮೇಲೆ ತಿರುಗುತ್ತ ಕಂಡದ್ದನ್ನೆಲ್ಲ ಚುಕ್ಕಿಗಳಾಗಿ ದಾಖಲಿಸುತ್ತದೆ, ಇನ್ನೊಂದು ಸುತ್ತಿನಲ್ಲಿ ಕ್ಯಾಮೆರಾ ಅವಕ್ಕೆ ಬಣ್ಣ ಕೊಡುತ್ತದೆ, ರಾಶಿಯ ಗಾತ್ರವನ್ನು ಕಂಪ್ಯೂಟರ್ ಹೇಳುತ್ತದೆ.

“ಏನಪ್ಪಾ, ನಿನ್ ಮಿಷನ್ನು ನಿಂತಲ್ಲೇ ಸುತ್ತುತ್ತಲ್ಲ, ರಾಶಿ ಹತ್ತಲ್ವಾ?” ಎಂದರು ಅಳತೆಯವರು.

“ಹತ್ತೋದು ಬೇಡ ಸಾರ್, ಇಲ್ಲಿಂದಾನೇ ಕಾಣುತ್ತೆ.”

“ಪುಣ್ಯ ಮಾಡೈತೆ ಕಣಯ್ಯ. ಮಂಡಿನೋವೇ ಇಲ್ಲ.”

ಯಾರ್ಡಿನ ಪುಸ್ತಕದಲ್ಲಿದ್ದದ್ದಕ್ಕಿಂತ ನನ್ನ ಲೆಕ್ಕದಲ್ಲಿ ಜಲ್ಲಿ ಕಡಿಮೆ ಬಂತು, ಹಲವು ಲಾರಿಗಳಷ್ಟು. ವರದಿ ನೋಡಿದ ಮ್ಯಾನೇಜರ್, ಅಳತೆಯವರೇ ಮಾರಿಕೊಂಡಿದ್ದಾರೆ ಎಂದು ತೀರ್ಮಾನಿಸಿದರು.

“ಸುಣ್ಣ ಒಡ್ದಿಲ್ಲ, ನೋಡ್ಕಳಿ. ಒಂದ್ ಕಲ್ಲೂ ಆಚೆ ಹೋಗಿಲ್ಲ,” ಎಂದರು ಅಳತೆಯವರು.

“ಸುಣ್ಣಾನೂ ನಿಮ್ದೇ, ಬಕೆಟ್ಟೂ ನಿಮ್ದೇ ಅಲ್ವೇನ್ರೀ? ಮತ್ತೆ ಎರಚ್ಬುಟ್ರೆ ಯಾರಿಗ್ ಗೊತ್ತಾಗುತ್ತೆ?” ಮ್ಯಾನೇಜರ್ ನಕ್ಕರು.

ಆಗ ಅವರು ನನ್ನ ಕಡೆ ತಿರುಗಿ, “ಅಡೀಲಿ ಹಳ್ಳ ಐತೆ ಕಣಪ್ಪ. ಮೊದ್ಲು ಸುರಿದಿದ್ದೆಲ್ಲ ಅದ್ರೊಳಗೇ ಹೋಯ್ತು” ಎಂದರು. ಸ್ಕ್ಯಾನರಿಗೆ ರಾಶಿಯ ಮೈ ಕಾಣುತ್ತದೆ, ತಳ ಕಾಣುವುದಿಲ್ಲ. ತಳ ಸಮತಟ್ಟು ಎಂದು ಗೆರೆ ಎಳೆದವನು ನಾನು. ಆದರೆ ವರದಿಗೆ ಆಗಲೇ ಸಹಿ ಹಾಕಿದ್ದೆ, ಅವರು ಹೇಳುವಷ್ಟರಲ್ಲಿ ತಡವಾಗಿತ್ತು... ಇಷ್ಟು ವರ್ಷ ನನಗೆ ನಾನು ಹೀಗೇ ಹೇಳಿಕೊಂಡು ಬಂದೆ.

ಅವರನ್ನು ಕೆಲಸದಿಂದ ತೆಗೆದರು. ಬಕೆಟ್ ಅಲ್ಲೇ ಬಿಟ್ಟು ಹೋದರು. ಮಳೆಗಾಲ ಕಳೆದು ಜಲ್ಲಿ ಖಾಲಿಯಾದಾಗ ಹಳ್ಳ ಕಂಡಿತು, ಆಳೆತ್ತರದ್ದು. ತಿದ್ದಿದ ವರದಿ ಹಿಡಿದು ಚಾಮರಾಜಪುರಂನ ಅವರ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ಒಂದು ತಿಂಗಳಾಗಿತ್ತು. “ಇದನ್ನ ನಾನ್ ಯಾರಿಗ್ ತೋರಿಸ್ಲಪ್ಪಾ?” ಎಂದರು ಅವರ ಹೆಂಡತಿ. ಕಾಫಿ ಕೊಟ್ಟರೋ, ನಾನು ಕುಡಿದೆನೋ...

ಸುಣ್ಣದ ವಾಸನೆ ಬಂದ ದಿನವೇ ಹಳೆಯ ಡಿಸ್ಕ್ ಹುಡುಕಿ ಆ ಬೆಳಗಿನ ಮೂಲ ಸ್ಕ್ಯಾನ್ ತೆರೆದೆ. ಲೆಕ್ಕ ಹಾಕುವ ಮೊದಲು ನಾವು ಮನುಷ್ಯರ ಚುಕ್ಕಿಗಳನ್ನು ಅಳಿಸುತ್ತೇವೆ. ಇಲ್ಲದಿದ್ದರೆ ಅವರೂ ಜಲ್ಲಿಯ ಜೊತೆ ಸೇರಿಬಿಡುತ್ತಾರೆ. ಮೂಲದಲ್ಲಿ ಅವರು ಇದ್ದಾರೆ. ರಾಶಿಯ ಮೇಲಲ್ಲ, ಬುಡದಲ್ಲಿ. ಎತ್ತರದವರೇನಲ್ಲ. ಪಕ್ಕದಲ್ಲಿ ಬಕೆಟ್. ಮುಖ ಸ್ಕ್ಯಾನರಿನ ಕಡೆ, ಅಂದರೆ ಅದರ ಹಿಂದೆ ನಿಂತಿದ್ದ ನನ್ನ ಕಡೆ. ಬಲಗೈ ಚಾಚಿ ರಾಶಿಯ ಅಡಿಯನ್ನು ತೋರಿಸುತ್ತಿದ್ದಾರೆ. ಚುಕ್ಕಿಗಳ ಮೇಲೆ ಬಣ್ಣ ಸರಿಯಾಗಿ ಕೂತಿದೆ, ಅಂದರೆ ಯಂತ್ರ ಎರಡೂ ಸುತ್ತು ಮುಗಿಸುವವರೆಗೂ ಆ ಕೈ ಅಲುಗಿಲ್ಲ.

ನಾನು ಸಹಿ ಹಾಕಿದ್ದು ಮಾರನೆಯ ದಿನ.

ಪಕ್ಕದ ಮನೆಯ ಗೋಡೆ ಈಗ ಒಣಗಿ ಬೆಳ್ಳಗಾಗಿದೆ, ವಾಸನೆಯೂ ಇಲ್ಲ. ಅಂದು ಲೆಕ್ಕಕ್ಕೆ ಕೂರುವ ಮುಂಚೆ ಆ ಕೈಯನ್ನು ಅಳಿಸಿದವನು ನಾನೇ.