ಕಡಬದ ಟ್ರೈಲರಿಗೆ ಗ್ಯಾಸ್ ಅಲಾರಂ ಕೂರಿಸಿದ್ದು

ಬೆಳಿಗ್ಗೆ ಆರೂವರೆಯ ಬಸ್ಸಿಗೆ ಪುತ್ತೂರಿನಿಂದ ಹೊರಟೆ. ಸುಳ್ಯಕ್ಕೆ ಟಿಕೆಟ್ಟು ನಾಲ್ಕು ರೂಪಾಯಿ ಚಿಲ್ಲರೆ. ಸಾಮಾನಿನ ಚೀಲವನ್ನು ಸೀಟಿನ ಅಡಿಗೆ ತಳ್ಳಿ, ಬಿಸ್ಕೆಟಿನ ತಗಡಿನ ಡಬ್ಬಿಯನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಂಡೆ. ಕಂಡಕ್ಟರು, "ಎಂತದು, ಕೋಳಿಮೊಟ್ಟೆಯಾ?" ಎಂದು ಕೇಳಿದ. "ಅದಕ್ಕಿಂತ ನಾಜೂಕು ಮಾರಾಯ" ಎಂದೆ. ಡಬ್ಬಿಯೊಳಗೆ ಹಳೆಯ ಬನಿಯನಿನಲ್ಲಿ ಸುತ್ತಿದ ಎರಡು ಬಿಳಿ ಪೆಟ್ಟಿಗೆಗಳಿದ್ದವು. ಒಂದೊಂದೂ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡದು. ಜರ್ಮನಿಯಿಂದ ಬಂದವು.

ಇದು ಎಂಬತ್ತರ ದಶಕದ ನಡುವಿನ ಮಾತು, ಸೆಪ್ಟೆಂಬರ್ ತಿಂಗಳು. ಪುತ್ತೂರಿನಲ್ಲಿ ನನಗೊಂದು ಅಂಗಡಿ ಇತ್ತು, ಐತಪ್ಪಣ್ಣನ ಅಂಗಡಿ ಎಂದರೆ ಎಲ್ಲರಿಗೂ ಗೊತ್ತು. ಮನೆಗಳಿಗೆ ವಯರಿಂಗ್ ಮಾಡುವುದು, ಗ್ಯಾಸ್ ಒಲೆ ರಿಪೇರಿ ಮಾಡುವುದು ನನ್ನ ಕೆಲಸ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ನಾನು ಎಳೆದ ವಯರಿನಿಂದ ಒಂದು ಮನೆಯೂ ಸುಟ್ಟಿಲ್ಲ, ನಾನು ಕೂರಿಸಿದ ಒಲೆಯಿಂದ ಒಬ್ಬರ ಸೆರಗಿಗೂ ಬೆಂಕಿ ಹತ್ತಿಲ್ಲ. ಈ ಮಾತನ್ನು ನಾನು ಯಾರ ಎದುರು ಬೇಕಾದರೂ ಹೇಳುತ್ತೇನೆ.

ಒಂದು ವಾರದ ಹಿಂದೆ ಕಡಬದ ರಬ್ಬರ್ ತೋಟದ ಕುರಿಯಚ್ಚನ್ ಚೇಟ ಈ ಪೆಟ್ಟಿಗೆಗಳನ್ನು ನನ್ನ ಮೇಜಿನ ಮೇಲೆ ಇಟ್ಟಿದ್ದರು. ಚೇಟ ಎಂದರೆ ಅವರ ಮಲಯಾಳದಲ್ಲಿ ಅಣ್ಣ, ಚೇಚಿ ಎಂದರೆ ಅಕ್ಕ. ಅವರ ಹೆಂಡತಿ ಅನ್ನಮ್ಮ ಚೇಚಿ ಆರು ವರ್ಷದ ಹಿಂದೆ ಅಂಗಳದಲ್ಲಿ ಜಾರಿ ಬಿದ್ದು ಬೆನ್ನು ಮುರಿದುಕೊಂಡಿದ್ದರು. ಕಾಲು ಗಂಟೆಗಿಂತ ಹೆಚ್ಚು ಕೂರಲಾಗುವುದಿಲ್ಲ. ಯಾರಾದರೂ ಎತ್ತದೆ ಏಳಲೂ ಆಗುವುದಿಲ್ಲ. ಹಾಗಾಗಿ ಬಸ್ಸೂ ಇಲ್ಲ, ರೈಲೂ ಇಲ್ಲ. ದೂರದ ಕೇರಳದ ಪಾಲಾದಲ್ಲಿರುವ ತಾಯಿಯನ್ನು ಆರು ವರ್ಷದಿಂದ ಅವರು ನೋಡಿರಲಿಲ್ಲ. ಚೇಟನ ತಂಗಿ ಲೀಲಾಮ್ಮ ಜರ್ಮನಿಯಲ್ಲಿ ನರ್ಸು. ಆಕೆ ಒಮ್ಮೆ ಅಲ್ಲಿಯ ಟ್ರೈಲರ್ ಮನೆಯ ಫೋಟೋ ಕಳುಹಿಸಿದ್ದಳು: ಕಾರಿನ ಹಿಂದೆ ಎಳೆದುಕೊಂಡು ಹೋಗುವ, ಮಂಚ, ಒಲೆ, ಕಿಟಕಿ ಎಲ್ಲ ಇರುವ ಗಾಡಿ. ಚೇಟ ಫೋಟೋವನ್ನು ಕಿಸೆಗೆ ಹಾಕಿಕೊಂಡು ಹೋಗಿ, ಲಾರಿಗೆ ಬಾಡಿ ಕಟ್ಟುವ ಅಜ್ಜಾವರದ ಆಚಾರಿಗೆ ತೋರಿಸಿ, "ಇಂಥದ್ದು ಒಂದು ಬೇಕು. ಅನ್ನಮ್ಮ ಮಲಗಿಕೊಂಡೇ ಪಾಲಾಕ್ಕೆ ಹೋಗಬೇಕು" ಎಂದಿದ್ದರಂತೆ.

ತಂಗಿಗೆ ಸುದ್ದಿ ತಲುಪಿತು. ಪೆಟ್ಟಿಗೆಗಳು ಬಂದವು. ಜೊತೆಗೆ ಮಲಯಾಳದಲ್ಲಿ ನಾಲ್ಕು ಪುಟದ ಕಾಗದ: ಇವನ್ನು ಕೂರಿಸದೆ ಅತ್ತಿಗೆಯನ್ನು ಆ ಗಾಡಿಯಲ್ಲಿ ಮಲಗಿಸಬೇಡಿ. ಒಂದು ಪೆಟ್ಟಿಗೆ ಸಿಲಿಂಡರಿನ ಗ್ಯಾಸು ಸೋರಿದರೆ ಕೂಗುತ್ತದೆ. ಇನ್ನೊಂದು ಕಾರ್ಬನ್ ಮೊನಾಕ್ಸೈಡಿಗೆ. ಆ ಹೆಸರು ನನ್ನ ನಾಲಗೆಗೆ ಬಗ್ಗಲು ಎರಡು ದಿನ ಹಿಡಿಯಿತು. ಬೆಂಕಿಯಿಂದ ಹುಟ್ಟುವ ವಿಷಗಾಳಿ ಅದು. ಬಣ್ಣ ಇಲ್ಲ, ವಾಸನೆ ಇಲ್ಲ. ಎರಡೂ ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ನಡೆಯುವಂಥವು. ಅಂಗಡಿಯಲ್ಲೇ ಹಳೆಯ ಬ್ಯಾಟರಿಗೆ ಜೋಡಿಸಿ ನೋಡಿಯಾಗಿತ್ತು.

ಸುಳ್ಯದಲ್ಲಿ ಇಳಿದಾಗ ಎಂಟು ಗಂಟೆ. ಹೋಟೆಲಿನಲ್ಲಿ ಎರಡು ಗೋಳಿಬಜೆ, ಚಾ ಮುಗಿಸಿ ಅಜ್ಜಾವರದ ಕಡೆಗೆ ಜೀಪು ಹತ್ತಿದೆ. ಹತ್ತು ಜನರ ಜೀಪಿನಲ್ಲಿ ಹದಿನಾರು ಜನ. ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಹೋದೆ.

ಆಚಾರಿಯ ಶೆಡ್ಡಿನ ಎದುರು ಟ್ರೈಲರು ನಿಂತಿತ್ತು. ಕೆಳಗೆ ಹಳೆಯ ಲಾರಿಯ ಆಕ್ಸಲ್, ಮೇಲೆ ಹಲಸಿನ ಮರದ ಕಟ್ಟು, ಪ್ಲೈವುಡ್ಡಿನ ಗೋಡೆ, ತಗಡಿನ ಮಾಡು. ಎರಡೂ ಬದಿಗೆ ಗಾಜಿನ ಕಿಟಕಿ. ಹಸಿರು ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು. ಒಳಗೆ ಒಂದು ಬಿರುಕೂ ಇರಲಿಲ್ಲ. ನಾನು ಬಾಗಿಲು ಹಾಕಿ ನೋಡಿದೆ. ಕಿವಿ ಮುಚ್ಚಿದ ಹಾಗಾಯಿತು.

"ಹೇಗುಂಟು?" ಎಂದರು ಆಚಾರಿ.

"ಇರುವೆ ಕೂಡ ನಿಮ್ಮನ್ನು ಕೇಳದೆ ಒಳಗೆ ಬರಲಿಕ್ಕಿಲ್ಲ ಆಚಾರ್ರೆ" ಎಂದೆ. ಅವರಿಗೆ ಖುಷಿಯಾಯಿತು. ನನಗೆ ಅದೇ ಕಾರಣಕ್ಕೆ ಹೆದರಿಕೆಯಾಯಿತು.

ನನಗಿಂತ ಮೊದಲೇ ಜೀಪಿನಲ್ಲಿ ಬಂದಿದ್ದ ಚೇಟ ತಂಗಿಯ ಕಾಗದ ಓದಿ ಕನ್ನಡದಲ್ಲಿ ಹೇಳುತ್ತಾ ಹೋದರು. ಗ್ಯಾಸಿನ ಪೆಟ್ಟಿಗೆ ನೆಲದಿಂದ ಒಂದು ಗೇಣು ಮೇಲೆ ಎಂದಾಗ ಆಚಾರಿ ನಕ್ಕರು. "ಗಾಳಿ ಅಲ್ಲವಾ ಮಾರಾಯ್ರೆ, ಮೇಲೆ ಹೋಗುದು. ಮಾಡಿನ ಹತ್ತಿರ ಬಡಿಯಿರಿ. ಕೆಳಗೆ ಬಡಿದರೆ ಬೆಕ್ಕಿಗೆ ಮಾತ್ರ ಗೊತ್ತಾದೀತು."

ಇಲ್ಲಿ ನಾನು ಬಿಟ್ಟುಕೊಡುವವನಲ್ಲ. "ಸಿಲಿಂಡರಿನ ಗ್ಯಾಸು ನೀರಿನ ಹಾಗೆ. ಇಳಿಯುತ್ತದೆ, ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ನಾನು ಹೋಟೆಲಿನ ಅಡುಗೆಮನೆಗಳಲ್ಲಿ ಮಂಡಿಯೂರಿ ಮೂಸಿ ಕಲಿತದ್ದು ಇದು" ಎಂದೆ. ಚೇಟನ ಸಿಗರೇಟು ಲೈಟರು ತೆಗೆದುಕೊಂಡು, ಹೊತ್ತಿಸದೆ ಗ್ಯಾಸು ಮಾತ್ರ ಬಿಟ್ಟು, ಗಾಡಿಯ ಬ್ಯಾಟರಿಗೆ ಜೋಡಿಸಿದ ಪೆಟ್ಟಿಗೆಯನ್ನು ಮೊದಲು ಅದರ ಮೇಲೆ ಹಿಡಿದೆ. ಸುಮ್ಮನಿತ್ತು. ಕೆಳಗೆ ಹಿಡಿದೆ. ಕೀಂ ಎಂದು ಕೂಗಿತು. ಆಚಾರಿ ಎರಡು ಹೆಜ್ಜೆ ಹಿಂದೆ ಸರಿದು, "ಆಯ್ತು, ಬೆಕ್ಕಿನ ಹತ್ತಿರವೇ ಬಡಿಯಿರಿ" ಎಂದರು.

ಆದರೆ ಸಿಲಿಂಡರ್ ಇಡುವ ಗೂಡಿನ ನೆಲಕ್ಕೆ ತೂತು ಬೇಕು, ಸೋರಿದ್ದು ಹೊರಗೆ ಬೀಳಬೇಕು ಎಂದಾಗ ಅವರ ಮುಖ ಕಪ್ಪಿಟ್ಟಿತು. ಅಷ್ಟು ಚಂದದ ಹಲಸಿನ ಹಲಗೆ. ಕೊನೆಗೆ ಬೈರಿಗೆ ತಂದು ಅವರೇ ತೂತು ಕೊರೆದರು, ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಕಣ್ಣು ಮುಚ್ಚಿಕೊಂಡು. ಗೋಡೆಯಲ್ಲಿ ಮೇಲೊಂದು ಕೆಳಗೊಂದು ಗಾಳಿಕಿಂಡಿಯೂ ಬೇಕು ಎಂದೆ. ಅದಕ್ಕೆ ಚೇಟ ಒಪ್ಪಲಿಲ್ಲ. "ಧೂಳು ಬರ್ತದೆ, ಚಳಿ ಬರ್ತದೆ. ಕಿಟಕಿ ಉಂಟಲ್ಲ ಐತಪ್ಪಣ್ಣ. ಸಾಕು."

ಎರಡನೇ ಪೆಟ್ಟಿಗೆಯನ್ನು ಕಾಗದದಲ್ಲಿ ಬರೆದಂತೆ ಮಂಚದ ಪಕ್ಕ, ಮಲಗಿದವರ ತಲೆಯ ಮಟ್ಟಕ್ಕೆ ಕೂರಿಸಿದೆ. ಬಾವಿಯ ಕೆಟ್ಟ ಗಾಳಿಯ ಹಾಗೆಯಾ ಇದು ಎಂದು ಆಚಾರಿ ಕೇಳಿದರು. "ಬಾವಿಗೆ ದೀಪ ಇಳಿಸಿದರೆ ಆರಿಹೋಗಿ ನಮಗೆ ಹೇಳ್ತದೆ. ಈ ಗಾಳಿಯಲ್ಲಿ ದೀಪ ಉರಿಯುತ್ತಲೇ ಇರ್ತದೆ, ಮನುಷ್ಯ ಆರಿಹೋಗ್ತಾನೆ" ಎಂದೆ.

ಮಧ್ಯಾಹ್ನ ಊಟ ಮುಗಿಸಿ, ಚೇಟನ ಜೀಪಿಗೆ ಟ್ರೈಲರು ಕಟ್ಟಿ ಕಡಬಕ್ಕೆ ಹೊರಟೆವು. ಸುಳ್ಯ, ಬೆಳ್ಳಾರೆ, ನಿಂತಿಕಲ್ಲು. ಸೈಕಲಿನವರು ನಮ್ಮನ್ನು ದಾಟಿ ಹೋಗುವಷ್ಟು ನಿಧಾನ. ಬೆಳ್ಳಾರೆಯಲ್ಲಿ ಚಾಕ್ಕೆ ನಿಲ್ಲಿಸಿದಾಗ ಹೆಂಗಸೊಬ್ಬರು ತಟ್ಟೆ ಹಿಡಿದುಕೊಂಡು ಬಂದು, "ಬಂಗುಡೆ ಉಂಟಾ?" ಎಂದು ಕೇಳಿದರು. ಚೇಟ ನಗುವುದೋ ಸಿಟ್ಟು ಮಾಡುವುದೋ ತಿಳಿಯದೆ, "ಇದು ಮೀನಿನ ಗಾಡಿ ಅಲ್ಲಮ್ಮ, ನನ್ನ ಹೆಂಡತಿಯ ಮನೆ" ಎಂದರು. ಆಕೆ ಕಿಟಕಿಯಿಂದ ಇಣುಕಿ, ಮಂಚ ನೋಡಿ, "ಪುಣ್ಯವಂತೆ" ಎಂದು ಹೊರಟುಹೋದರು. ಅಲ್ಲಿಂದ ಮುಂದೆ ಮಳೆ ಹಿಡಿಯಿತು. ಕಡಬ ತಲುಪಿದಾಗ ಐದೂವರೆ. ರಾತ್ರಿ ಬೇಯಿಸಿದ ಮರಗೆಣಸು, ಕೆಂಪು ಮೀನುಸಾರು. ಮರುದಿನ ಎಲ್ಲವನ್ನೂ ಒಮ್ಮೆ ಪರೀಕ್ಷೆ ಮಾಡಿ, ಮೂರನೇ ದಿನ ಬೆಳಿಗ್ಗೆ ಅವರು ಪಾಲಾಕ್ಕೆ ಹೊರಡುವುದೆಂದು ತೀರ್ಮಾನವಾಗಿತ್ತು.

ಎರಡನೇ ದಿನವೂ ಮಳೆ ಬಿಡಲಿಲ್ಲ. ತಿಂಡಿಯಾದ ಮೇಲೆ ಚೇಟ ಹೆಂಡತಿಯನ್ನು ಎತ್ತಿಕೊಂಡು ಹೋಗಿ ಟ್ರೈಲರಿನಲ್ಲಿ ಮಲಗಿಸಿದರು. ಅನ್ನಮ್ಮ ಚೇಚಿ ಗೋಡೆ ಮುಟ್ಟಿ ನೋಡಿದರು, ಕಿಟಕಿಯ ಪರದೆ ಮುಟ್ಟಿ ನೋಡಿದರು. "ಕೊಡೆ ಹಿಡಿಯುವವರು ಯಾರೂ ಬೇಡ, ಚಾಪೆ ಹೊರುವವರು ಬೇಡ. ನಾನು ರಾಣಿ" ಎಂದರು. ಒಂದು ಗಂಟೆ ಮಲಗಿ ನೋಡುತ್ತೇನೆ, ಬೆನ್ನು ಹೇಗಿರ್ತದೆ ತಿಳಿಯಲಿ ಎಂದು ಎಲ್ಲರನ್ನೂ ಕಳುಹಿಸಿದರು.

ನಾನು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಮುಕ್ಕಾಲು ಗಂಟೆ ಕಳೆದಿರಬಹುದು. ಟ್ರೈಲರಿನಿಂದ ಅಲಾರಂ ಕೂಗಿತು.

ಚೇಟ ನನಗಿಂತ ಮೊದಲು ಓಡಿ ಒಳಗೆ ಹೊಕ್ಕರು. ಮೂಸಿದರು. ಹಿಂದೆಯೇ ನಾನೂ ಮೂಸಿದೆ. ಗ್ಯಾಸಿನ ವಾಸನೆ ಇಲ್ಲ. ಹೊಗೆ ಇಲ್ಲ. ಸಿಲಿಂಡರನ್ನು ಇನ್ನೂ ಒಳಗೆ ತಂದೇ ಇರಲಿಲ್ಲ. ಕೂಗುತ್ತಿದ್ದದ್ದು ಮಂಚದ ಪಕ್ಕದ ಪೆಟ್ಟಿಗೆ.

"ಹಾಳಾಗಿದೆ" ಎಂದರು ಚೇಟ. "ಇಲ್ಲದ್ದಕ್ಕೆ ಕೂಗ್ತದೆ. ದಾರಿಯಿಡೀ ಹೀಗೆ ಕೂಗಿದರೆ ಇವಳು ಮಲಗುದು ಹೇಗೆ? ವಯರು ಕತ್ತರಿಸಿ ಐತಪ್ಪಣ್ಣ."

ನನ್ನ ಕೈಯಲ್ಲಿ ಇಕ್ಕುಳ ಇತ್ತು. ಸತ್ಯ ಹೇಳುತ್ತೇನೆ, ಒಂದು ಕ್ಷಣ ನನಗೂ ಅನುಮಾನ ಬಂತು. ಮಳೆನೀರು ವಯರಿಗೆ ಇಳಿದಿರಬಹುದೇ? ನಾನು ಬಿಗಿದದ್ದು ಸಡಿಲಾಯಿತೇ? ಆಮೇಲೆ ಮನಸ್ಸು ಗಟ್ಟಿ ಮಾಡಿಕೊಂಡೆ. ನನ್ನ ಕೆಲಸ ಕೆಟ್ಟಿದ್ದರೆ ಕೆಟ್ಟಿದೆ ಎಂದು ನೋಡಿ ಹೇಳುವುದು, ನೋಡದೆ ಕತ್ತರಿಸುವುದಿಲ್ಲ.

"ಮೊದಲು ಚೇಚಿಯನ್ನು ಹೊರಗೆ ಕರೆದುಕೊಂಡು ಹೋಗಿ" ಎಂದೆ.

"ಮಳೆಯಲ್ಲಿ? ಒಂದು ಹಾಳು ಪೆಟ್ಟಿಗೆಗೆ ಹೆದರಿ?"

"ಪೆಟ್ಟಿಗೆ ಹಾಳೋ ನಾನು ಹಾಳೋ ಆಮೇಲೆ ನೋಡುವ. ಮೊದಲು ಎತ್ತಿ ಚೇಟ." ನನ್ನ ಸ್ವರ ಸ್ವಲ್ಪ ದೊಡ್ಡದಾಗಿಯೇ ಬಂದಿರಬೇಕು. ಅವರು ಎತ್ತಿದರು. ಆಗ ಅನ್ನಮ್ಮ ಚೇಚಿ ಮೆಲ್ಲಗೆ, "ನನಗೆ ತಲೆ ಭಾರ ಉಂಟು. ಹೊಸ ಬಣ್ಣದ್ದು ಅಂತ ಗ್ರಹಿಸಿದೆ" ಎಂದರು.

ನಾನು ಬಗ್ಗಿ ಮಂಚದ ಅಡಿ ನೋಡಿದೆ. ಕಬ್ಬಿಣದ ಬಾಣಲೆಯಲ್ಲಿ ತೆಂಗಿನ ಗೆರಟೆಯ ಕೆಂಡ. ಕೆಂಪಗೆ, ಚಂದಕ್ಕೆ, ಒಂದು ಎಳೆ ಹೊಗೆಯೂ ಇಲ್ಲದೆ. ಮಳೆಗಾಲದಲ್ಲಿ ಬೆನ್ನುನೋವಿಗೆ ಮನೆಯಲ್ಲಿ ದಿನವೂ ಹೀಗೆಯೇ ಮಾಡುತ್ತಿದ್ದರಂತೆ. ಹೊಗೆಯೆಲ್ಲ ಹೊರಗೆ ಬಿಟ್ಟು, ಕೆಂಡ ಮಾಗಿದ ಮೇಲೆಯೇ ಚೇಟ ತಂದು ಮಂಚದ ಅಡಿಗೆ ಇಟ್ಟಿದ್ದರು. ನಮ್ಮ ಕಡೆ ಬಾಣಂತಿ ಕೋಣೆಗೂ ಹೀಗೆಯೇ ಇಡುವುದು. ಹೊಗೆ ಹೋದರೆ ಕೆಟ್ಟದ್ದೆಲ್ಲ ಹೋಯಿತು ಎಂದೇ ನಮ್ಮೆಲ್ಲರ ಲೆಕ್ಕ. ಹಂಚಿನ ಮಾಡಿನ ಮನೆಯಲ್ಲಿ ಅದು ನಡೆಯುತ್ತಿತ್ತು, ಹಂಚಿನ ಸಂದಿಯಿಂದ ಗಾಳಿ ಆಡುತ್ತದೆ. ಆಚಾರಿಯ ಬಿರುಕಿಲ್ಲದ ಗಾಡಿಯಲ್ಲಿ, ಕಿಟಕಿ ಮುಚ್ಚಿ, ಅದು ಹೋಗುವುದು ಎಲ್ಲಿಗೆ?

ನನ್ನ ಬಾಯಿಮಾತು ಚೇಟನಿಗೆ ಸಾಲಲಿಲ್ಲ. "ಹೊಗೆಯೇ ಇಲ್ಲವಲ್ಲ ಮಾರಾಯ" ಎಂದೇ ಹೇಳುತ್ತಿದ್ದರು. ಪೆಟ್ಟಿಗೆಯ ತಿರುಪು ಬಿಚ್ಚಿ, ಉದ್ದದ ವಯರು ಜೋಡಿಸಿ ಜಗಲಿಗೆ ತಂದೆ. ಸ್ವಲ್ಪ ಹೊತ್ತಿಗೆ ಸುಮ್ಮನಾಯಿತು. ಉಸಿರು ಹಿಡಿದು ಒಳಗೆ ಹೋಗಿ ಮಂಚದ ಮೇಲೆ ಇಟ್ಟು ಬಂದೆ. ಕೂಗಿತು. ಮತ್ತೆ ಹೊರಗೆ. ಸುಮ್ಮನೆ. ಬಾಣಲೆ ಅಂಗಳಕ್ಕೆ ಹಾಕಿಸಿ, ಬಾಗಿಲು ಕಿಟಕಿ ತೆರೆದಿಟ್ಟು, ಅರ್ಧ ಗಂಟೆಯ ಮೇಲೆ ಪೆಟ್ಟಿಗೆಯನ್ನು ಪುನಃ ಒಳಗೆ ಇಟ್ಟೆ. ಅಲ್ಲಿಯೂ ಸುಮ್ಮನಿತ್ತು. ಅಷ್ಟರಲ್ಲಿ ಚೇಚಿಯ ತಲೆಭಾರವೂ ಇಳಿದಿತ್ತು.

ಅವರು ಕೈ ಚಾಚಿ, "ಲೀಲಾಮ್ಮನ ಕಾಗದ ಕೊಡಿ" ಎಂದರು. ಚೇಟ ಕೊಡಲು ತಡ ಮಾಡಿದರು. ಚೇಚಿ ಕನ್ನಡಕ ಹಾಕಿ ಮೂರನೇ ಪುಟ ಓದಿದರು, ಗಂಡನನ್ನು ನೋಡಿದರು. "ಕೆಂಡ ಒಳಗೆ ಇಡಲೇಬಾರದು ಅಂತ ಬರೆದಿದ್ದಾಳೆ. ಎರಡು ಸಲ ಬರೆದಿದ್ದಾಳೆ. ಅಜ್ಜಾವರದಲ್ಲಿ ಇದನ್ನು ಓದಲಿಲ್ಲವಾ?"

"ಓದಿದೆ" ಎಂದರು ಚೇಟ. "ಬಾಯಿಬಿಟ್ಟು ಓದಲಿಲ್ಲ. ಅವಳಿಗೆ ಜರ್ಮನಿಯಲ್ಲಿ ಬಿಸಿ ಕೋಣೆ. ನಿನ್ನ ಬೆನ್ನು ಚಳಿಗೆ ಹೇಗೆ ಹಿಡೀತದೆ ಅಂತ ಅವಳಿಗೆ ಎಂತ ಗೊತ್ತು? ನಾಲ್ಕು ದಿನ ನೀನು ನರಳಿಕೊಂಡು ಹೋಗುದು ನನಗೆ ನೋಡಲಿಕ್ಕೆ ಆಗುದಿಲ್ಲ."

ಚೇಚಿ ಬೈಯಲಿಲ್ಲ. "ನೀವು ಓಡಬಲ್ಲಿರಿ. ನನಗೆ ಏಳಲಿಕ್ಕೇ ಆಗುದಿಲ್ಲ. ಈ ಪೆಟ್ಟಿಗೆ ತೆಗೆದರೆ ನಾನು ಪಾಲಾಕ್ಕೆ ಬರುದಿಲ್ಲ" ಎಂದರು.

ಚೇಟ ಎದ್ದುಹೋದರು. ಸಿಟ್ಟಾಗಿ ಹೋದರು ಎಂದುಕೊಂಡೆ. ತಿರುಗಿ ಬಂದಾಗ ಕೈಯಲ್ಲಿ ಗರಗಸ ಇತ್ತು. "ಗಾಳಿಕಿಂಡಿ ಎಲ್ಲಿ ಬೇಕು ಹೇಳಿ" ಎಂದರು. ನಾನು ಪೆನ್ಸಿಲಿನಲ್ಲಿ ಗೆರೆ ಎಳೆದೆ, ಮಾಡಿನ ಹತ್ತಿರ ಒಂದು, ನೆಲದ ಹತ್ತಿರ ಒಂದು. ಹೊಸ ಹಸಿರು ಬಣ್ಣದ ಮೇಲೆ ಅವರೇ ಮೊದಲು ಗರಗಸ ಎಳೆದರು. ಕಿಂಡಿಗಳಿಗೆ ಹೊರಗಿನಿಂದ ತಗಡಿನ ರೆಪ್ಪೆ ಬಡಿದೆ, ಮಳೆ ಹೊಡೆಯದ ಹಾಗೆ. ಕಿಂಡಿ ಉಂಟು ಅಂತ ಕೆಂಡ ತರಬಾರದು, ಒಲೆ ಹಚ್ಚುವಾಗ ಕಿಟಕಿಯೂ ತೆರೆದಿರಬೇಕು ಎಂದು ಮೂರು ಸಲ ಹೇಳಿದೆ. ಬೆನ್ನಿಗೆ ಬಿಸಿನೀರಿನ ಎರಡು ರಬ್ಬರ್ ಚೀಲಗಳನ್ನು ಕಡಬದ ಮೆಡಿಕಲ್ಲಿನಿಂದ ತರಿಸಿದರು. "ಇಷ್ಟು ರಬ್ಬರ್ ಬೆಳೆದೆ, ಹೆಂಡತಿಗೆ ಒಂದು ಚೀಲ ತರಲಿಕ್ಕೆ ತೋಚಲಿಲ್ಲ" ಎಂದು ಚೇಟ ತಾವೇ ನಕ್ಕರು.

ಮಧ್ಯಾಹ್ನ ಸಿಲಿಂಡರ್ ಇಟ್ಟು, ಕೊಳವೆಯ ಸೇರುವೆಗಳಿಗೆ ಸಾಬೂನಿನ ನೊರೆ ಹಚ್ಚಿ ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಚೇಚಿ ಮತ್ತೆ ಮಲಗಿದರು, ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು. ಎರಡು ಗಂಟೆಯ ಹೊತ್ತು ನಾನು ಹೊರಗೆ ಮೆಟ್ಟಿಲಿನ ಮೇಲೆಯೇ ಕೂತೆ. ಒಳಗಿನಿಂದ ಬಂದದ್ದು ಅವರ ಗೊರಕೆ ಮಾತ್ರ. ನನ್ನ ಜೀವಮಾನದಲ್ಲಿ ಅಷ್ಟು ಚಂದದ ಗೊರಕೆ ಕೇಳಿಲ್ಲ.

ಮೂರನೇ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಪುತ್ತೂರಿನವರೆಗೆ ನಾನೂ ಅವರ ಜೊತೆಗೆ ಬಂದೆ, ಜೀಪಿನಲ್ಲಿ ಚೇಟನ ಪಕ್ಕದಲ್ಲಿ. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಚೇಚಿಯನ್ನು ವಿಚಾರಿಸಿದೆವು. ಎರಡನೇ ಸಲ ಅವರು, "ಮತ್ತೆ ಮತ್ತೆ ನಿಲ್ಲಿಸಿದರೆ ಅಮ್ಮ ನನಗೆ ಕಾದು ಕಾದು ಸುಸ್ತಾಗ್ತಾರೆ, ಹೊರಡಿ" ಎಂದು ಗದರಿದರು.

ನನ್ನ ಅಂಗಡಿಯ ಎದುರು ಇಳಿದಾಗ ಅರ್ಧ ಪೇಟೆ ಸೇರಿತು. ಕಿಟಕಿಯಿಂದ ಚೇಚಿ ಕೈ ಬೀಸಿದರು. ಜೀಪು ಟ್ರೈಲರನ್ನು ಎಳೆದುಕೊಂಡು ಕಾಸರಗೋಡಿನ ದಾರಿ ಹಿಡಿಯಿತು. ಪಕ್ಕದ ಸೈಕಲ್ ಅಂಗಡಿಯ ಬಾಬಣ್ಣ ಎಲ್ಲ ಕೇಳಿ ತಿಳಿದುಕೊಂಡು, ಜನರ ಎದುರೇ ನನ್ನ ಕಾಲೆಳೆದ: "ಜೀಪು ಚೇಟನದ್ದು, ಬಾಡಿ ಆಚಾರಿಯದ್ದು, ಪೆಟ್ಟಿಗೆ ಜರ್ಮನಿಯದ್ದು. ಅದರಲ್ಲಿ ನಿನ್ನದು ಎಂತ ಉಂಟು ಐತಪ್ಪಣ್ಣ, ಇಷ್ಟು ಎದೆ ಉಬ್ಬಿಸಲಿಕ್ಕೆ?"

ಟ್ರೈಲರು ತಿರುವಿನಲ್ಲಿ ನಿಧಾನಕ್ಕೆ ಹೊರಳುತ್ತಿತ್ತು. ಹಸಿರು ಗೋಡೆಯ ಮೇಲೆ ತಗಡಿನ ರೆಪ್ಪೆಗಳು ಬಿಸಿಲಿಗೆ ಹೊಳೆದವು.

"ತೂತುಗಳು" ಎಂದೆ. "ಆ ಗಾಡಿಯ ತೂತು ಅಷ್ಟೂ ನನ್ನದು."