ದೀಪ ಒಂದೇ ಸಲ ಹಚ್ಚಬೇಕು

ಮೊದಲ ಸಲ ಅದು ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ, ಮಂಗಳಾರತಿ ಎತ್ತುವಾಗ. ಅಮ್ಮನವರ ಫೋಟೊದ ಮುಂದೆ ಕರ್ಪೂರ ಉರಿಯುತ್ತಿತ್ತು. ಇದ್ದಕ್ಕಿದ್ದಂತೆ ತಲೆಯೊಳಗೆ ಒಂದು ಬೈಗುಳ. ಬಾಯಿಬಿಟ್ಟು ಹೇಳಲಾಗದಂಥದ್ದು. ಅದೂ ಅಮ್ಮನವರಿಗೆ.

ನಾನು ಬೈದಿರಲಿಲ್ಲ. ಆದರೆ ತಲೆ ನನ್ನದೇ ಆಗಿತ್ತು.

ತಟ್ಟೆ ಕೆಳಗಿಟ್ಟು ಕೆನ್ನೆ ಬಡಿದುಕೊಂಡೆ. ಮತ್ತೆ ಸ್ನಾನ ಮಾಡಿ ಬಂದು ಪೂಜೆಯನ್ನು ಮೊದಲಿನಿಂದ ಮಾಡಿದೆ. ಅಷ್ಟಕ್ಕೆ ಮುಗಿಯಿತು ಅಂದುಕೊಂಡೆ.

ನಮ್ಮದು ಆವತಿ ಹತ್ತಿರದ ಹಳ್ಳಿ. ನಮ್ಮ ಯಜಮಾನರು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಾವಿಬ್ಬರು, ಅತ್ತೆ, ಏಳನೇ ಕ್ಲಾಸಿನ ಮಗಳು ಸಿಂಚನ. ಪೂಜೆ ಎಂದರೆ ನನಗೆ ಮೊದಲಿಂದಲೂ ಇಷ್ಟ. ಯಾರೂ ಕರೆಯದ, ಯಾರಿಗೂ ಉತ್ತರ ಕೊಡಬೇಕಿಲ್ಲದ ಇಪ್ಪತ್ತು ನಿಮಿಷ ಇಡೀ ದಿನದಲ್ಲಿ ಅದೊಂದೇ. ಕಾಯಿಲೆ ಮೊದಲು ನುಂಗಿದ್ದು ಅದನ್ನೇ.

ಎರಡು ತಿಂಗಳಲ್ಲಿ ಇಪ್ಪತ್ತು ನಿಮಿಷ ಮೂರು ಗಂಟೆಯಾಯಿತು. ದೀಪ ಹಚ್ಚುವಾಗ ಕೆಟ್ಟ ಮಾತು ಬಂದರೆ ಆರಿಸಿ, ಬತ್ತಿ ಬದಲಿಸಿ, ಕೈಕಾಲು ತೊಳೆದು ಮತ್ತೆ ಹಚ್ಚಬೇಕು. ಮನಸ್ಸು ಪೂರ್ತಿ ಶುದ್ಧವಾಗಿರುವಾಗಲೇ ಹಚ್ಚಬೇಕು. ಶುದ್ಧವಾಗಿದೆಯೇ ಎಂದು ಒಳಗೆ ಇಣುಕಿ ನೋಡಿದರೆ ಸಾಕು, ಆ ಮಾತು ಅಲ್ಲೇ ಕೂತಿರುತ್ತಿತ್ತು. ಅಂಗೈ ಚರ್ಮ ಬಿರಿಯಿತು. ಹೊಲಿಯಲು ಕೊಟ್ಟವರು ಬಟ್ಟೆ ವಾಪಸ್ ಒಯ್ದರು. ಅತ್ತೆ ಮಾತ್ರ ಬಂದವರ ಮುಂದೆಲ್ಲ, "ನಮ್ ಮಂಜುಳನ್ ಭಕ್ತಿ ಯಾರ್ಗೂ ಬರಕಿಲ್ಲ" ಅನ್ನುತ್ತಿದ್ದರು. ಕೇಳಿದಾಗಲೆಲ್ಲ ಕಳ್ಳಿಯ ಕೈಗೆ ಬೀಗದ ಕೀ ಕೊಟ್ಟು ಹೊಗಳಿದಂತೆ ಅನ್ನಿಸಿ ತಲೆ ತಗ್ಗಿಸುತ್ತಿದ್ದೆ.

ಒಂದು ಬೆಳಿಗ್ಗೆ ಬತ್ತಿಗೆ ಬೆಂಕಿ ತಾಗಿಸುವಾಗ ಬೇರೆಯದೇ ಮಾತು ಬಂತು.

ಸಿಂಚನ ಸಾಯಲಿ.

ಅದೇ ವಾರ ಅವಳಿಗೆ ಜ್ವರ ಬಂತು. ಕ್ಲಾಸಿನಲ್ಲಿ ಅರ್ಧ ಮಕ್ಕಳಿಗೆ ಬಂದಿದ್ದ ಜ್ವರವೇ. ಆದರೆ ಅವಳಿಗೆ ತಂದದ್ದು ನಾನೇ ಎಂದು ನಂಬಿದೆ. ನಾನು ಮುಟ್ಟಿದರೆ ಇನ್ನೇನಾದರೂ ಆದೀತೆಂದು ಗಂಜಿ ಲೋಟವನ್ನು ಬಾಗಿಲ ಬಳಿ ಇಟ್ಟು ಹಿಂದೆ ಸರಿಯುತ್ತಿದ್ದೆ.

"ಅಮ್ಮಾ, ನನ್ ಮೇಲೆ ಕೋಪಾನಾ?" ಅಂದಳು.

ಇಲ್ಲ ಅಂದೆ. ಅಂದು ಕೈ ತೊಳೆಯಲು ಹೋದೆ.

ಜ್ವರ ಬಿಟ್ಟಿತು, ನನ್ನ ಭಯ ಬಿಡಲಿಲ್ಲ. ನಾನು ಮಗಳ ಹತ್ತಿರ ಸುಳಿಯದ್ದನ್ನು ಕಂಡ ಅತ್ತೆಗೂ ಗಾಬರಿಯಾಯಿತು. ಶಾಸ್ತ್ರ ಹೇಳುವವರ ಬಳಿ ಕರೆದೊಯ್ದರು. ಅವರು ಗಾಳಿ ಸೋಕಿದೆ ಎಂದು ಹೇಳಿ, ನಲವತ್ತೆಂಟು ದಿನ ಒಪ್ಪತ್ತು ಇರಲು ಸೂಚಿಸಿದರು. ನನಗೆ ನಿಜವಾಗಿಯೂ ಹಗುರವಾಯಿತು. ಕೊನೆಗೂ ಒಂದು ಶಿಕ್ಷೆ ಸಿಕ್ಕಿತ್ತು. ಆದರೆ ಉಣ್ಣುವ ಆ ಒಂದು ಹೊತ್ತೂ ಪಾಪಿಯ ಹೊಟ್ಟೆಗೆ ಹೆಚ್ಚೇ ಅನ್ನಿಸತೊಡಗಿತು. ಅದನ್ನೂ ಬಿಟ್ಟೆ. ಯಾರಿಗೂ ಹೇಳಲಿಲ್ಲ.

ಇಪ್ಪತ್ತೊಂದನೇ ದಿನ ದೇವರ ಕೋಣೆಯ ಹೊಸ್ತಿಲ ಮೇಲೆ ಬಿದ್ದೆ.

ಕಣ್ಣು ಬಿಟ್ಟಾಗ ದೇವನಹಳ್ಳಿಯ ಆಸ್ಪತ್ರೆಯಲ್ಲಿದ್ದೆ. ಕೈಗೆ ಡ್ರಿಪ್ಸ್ ಹಾಕಿದ್ದರು. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಿರಿದ ನನ್ನ ಅಂಗೈಯನ್ನು ತಿರುಗಿಸಿ ನೋಡಿದರು. ಎಳನೀರು ತರುವಂತೆ ಅತ್ತೆಯನ್ನು ಹೊರಗೆ ಕಳಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಬೇಡ ಅಂದ್ರೂ ತಲೆಗೆ ಯೋಚನೆ ಬರ್ತಾವಾ ಅಮ್ಮಾ?"

ನನ್ನ ಗಂಡನಿಗೂ ಗೊತ್ತಿಲ್ಲದ್ದು ಇವರಿಗೆ ಹೇಗೆ ಗೊತ್ತಾಯಿತು? ಅತ್ತುಬಿಟ್ಟೆ. ಅಷ್ಟನ್ನೂ ಹೇಳಿದೆ, ಬೈಗುಳವೊಂದನ್ನು ಬಿಟ್ಟು. ಅವರು ಅದನ್ನು ಕೇಳಲೂ ಇಲ್ಲ. ಸೈಕಿಯಾಟ್ರಿಸ್ಟ್ ಅವರನ್ನು ನೋಡಿ ಎಂದು ಚೀಟಿ ಬರೆದರು.

ಚೀಟಿ ನೋಡಿ ಅತ್ತೆ ರೇಗಿದರು. "ನಮ್ ಸೊಸೆಗೇನು ಹುಚ್ಚಾ? ದೇವ್ರ ಪೂಜೆ ಮಾಡೋರ್ಗೆಲ್ಲಾ ಮಾತ್ರೆ ಕೊಡ್ತಾರಾ?"

ಯಜಮಾನರು ತಾಯಿಗೆ ಎದುರಾಡಿದವರಲ್ಲ. ಅವತ್ತು ಆಡಿದರು. "ಅವ್ವಾ, ಮಂಜುಳಾ ಸತ್ತೋಗ್ತಾಳೆ. ನಾನ್ ಕರ್ಕೊಂಡ್ ಹೋಗ್ತೀನಿ."

ಸೈಕಿಯಾಟ್ರಿಸ್ಟ್ ಮಾತು ಕಡಿಮೆಯ ಮನುಷ್ಯ. ಎಲ್ಲ ಕೇಳಿಸಿಕೊಂಡು, "ಇದು ಓಸಿಡಿ ಅಂತ ಒಂದು ಕಾಯಿಲೆ. ಪಾಪ ಅಲ್ಲ, ಗಾಳಿನೂ ಅಲ್ಲ" ಅಂದರು. "ನಿಮಗೆ ಯಾವುದು ಮುಖ್ಯಾನೋ ಅದನ್ನೇ ಹಿಡ್ಕೊಳ್ಳುತ್ತೆ. ನಿಮಗೆ ದೇವರು, ಮಗಳು."

"ಪೂಜೆ ಬಿಡ್ಬೇಕಾ ಡಾಕ್ಟ್ರೇ?"

"ಬಿಡಬೇಡಿ. ದೀಪ ಒಂದೇ ಸಲ ಹಚ್ಚಿ. ಏನೇ ಯೋಚನೆ ಬಂದ್ರೂ ಆರಿಸಬಾರದು. ತೊಳೀಬಾರದು."

ಮಾತ್ರೆ ಬರೆದರು. ವಾರಕ್ಕೊಮ್ಮೆ ಕೌನ್ಸೆಲಿಂಗ್. ಮನೆಯವರಿಗೂ ಒಂದು ಕೆಲಸ ಕೊಟ್ಟರು. "ಏನೂ ಆಗಲ್ಲ ಅಲ್ವಾ ಅಂತ ಕೇಳ್ತಾನೇ ಇರ್ತಾರೆ. ನೀವು ಉತ್ತರ ಕೊಡಬೇಡಿ. ಕೊಟ್ರೆ ಇನ್ನೂ ಕೇಳಬೇಕು ಅನ್ಸುತ್ತೆ."

ಆರು ವಾರ ಮಾತ್ರೆ ತಗೊಂಡ ಮೇಲೆ ಆ ಬೆಳಿಗ್ಗೆ ಬಂತು. ಸಿಂಚನ ಆಗಷ್ಟೇ ಸ್ಕೂಲಿಗೆ ಹೊರಟಿದ್ದಳು. ಬತ್ತಿ ಹೊತ್ತಿತು. ಮಾತೂ ಬಂತು, ಅದೇ ಮಾತು. ಆರಿಸಲು ಕೈ ತಾನಾಗಿ ಮುಂದೆ ಹೋಯಿತು. ಹೊರಗೆ ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಒಂದು ಸಲ ಆರಿಸಿ ಹಚ್ಚಿದರೆ ಮಗು ಉಳಿಯುತ್ತದೆ. ಆರಿಸದಿದ್ದರೆ?

ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದೆ. ಜಗುಲಿಯ ಮೇಲೆ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು.

"ಅತ್ತೆ, ಏನೂ ಆಗಲ್ಲ ಅಲ್ವಾ?"

ಅವರು ತಲೆ ಎತ್ತಿದರು. ಕಣ್ಣಲ್ಲಿ ನೀರಿತ್ತು. ನನಗೆ ಮಾತ್ರೆ ಬೇಡವೆಂದ ಆ ಹೆಂಗಸು, ಮೊಮ್ಮಗಳಿಗೆ ಏನೂ ಆಗುವುದಿಲ್ಲ ಎಂಬ ಒಂದು ಮಾತನ್ನು ಹಲ್ಲು ಕಚ್ಚಿ ಒಳಗೇ ಹಿಡಿದಿಟ್ಟರು.

"ಡಾಕ್ಟ್ರು ಹೇಳ್ಬ್ಯಾಡ ಅಂದವ್ರೆ ಕಣಮ್ಮ. ಬಾ, ಕಾಯ್ ಸುಲಿ."

ಸುಲಿದೆ. ಕಾಳು ಕೈಜಾರಿ ಅಂಗಳಕ್ಕೆ ಉರುಳುತ್ತಿತ್ತು. ಮತ್ತೆ ಕೇಳಿದೆ. ಅವರು ಮತ್ತೊಂದು ಹಿಡಿ ಕಾಯಿ ನನ್ನ ಮುಂದೆ ಸುರಿದರು. ಒಂದು ಗಂಟೆಯೋ, ಇನ್ನೂ ಹೆಚ್ಚೋ. ನೂರು ಸಲ ತೊಳೆದರೂ ಇಳಿಯದಿದ್ದ ಭಯ, ಏನೂ ಮಾಡದೆ ಕೂತಾಗ ತಾನಾಗಿಯೇ ಒಂದೆರಡು ಮೆಟ್ಟಿಲು ಇಳಿಯಿತು.

ಸಂಜೆ ಸಿಂಚನ ಬಂದು ಬ್ಯಾಗು ಎಸೆದಳು. "ತಿನ್ನಕ್ಕೇನೈತೆ?" ಅವಳು ಕ್ಷೇಮವಾಗಿ ಬಂದದ್ದನ್ನು ಪುರಾವೆ ಅಂದುಕೊಳ್ಳಬಾರದು ಎಂದು ಡಾಕ್ಟರ್ ಎಚ್ಚರಿಸಿದ್ದರು. ಪುರಾವೆ ಹುಡುಕುವುದೂ ಕಾಯಿಲೆಯೇ. ಆದರೂ ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಎಣ್ಣೆ, ಬೆವರು, ಧೂಳಿನ ವಾಸನೆ.

ಈಗ ಒಂದು ವರ್ಷವಾಗುತ್ತ ಬಂತು. ನೇರವಾಗಿ ಗುಣವಾಗಲಿಲ್ಲ. ನವರಾತ್ರಿಯಲ್ಲಿ ಮತ್ತೆ ಹೆಚ್ಚಾಗಿ ಡೋಸ್ ಏರಿಸಿದರು. ಮಾತ್ರೆ ಇನ್ನೂ ನಡೆದಿದೆ. ನನ್ನ ಭಕ್ತಿಯಲ್ಲಿ ಎಷ್ಟು ಭಕ್ತಿ, ಎಷ್ಟು ಭಯ ಎಂದು ಬಿಡಿಸಿ ನೋಡಲು ನನಗೆ ಬರುವುದಿಲ್ಲ. ಇಪ್ಪತ್ತು ನಿಮಿಷದ ಪೂಜೆ ವಾಪಸ್ ಬಂದಿದೆ. ಕೆಲವು ದಿನ ಅದು ನನ್ನದೇ ಅನ್ನಿಸುತ್ತದೆ.

ಹೋದ ವಾರ ಅತ್ತೆಯ ಜೊತೆ ನಮ್ಮ ದೇವನಹಳ್ಳಿ ತಾಲೂಕಿನ ವಿಜಯಪುರಕ್ಕೆ, ಅಮ್ಮನವರ ಗುಡಿಗೆ ಹೋಗಿದ್ದೆ. ಮಂಗಳಾರತಿ ಹತ್ತಿರ ಬಂದಾಗ ಆ ಬೈಗುಳವೂ ಬಂತು. ಬರಲಿ ಎಂದು ಬಿಟ್ಟೆ. ಕಣ್ಣಿಗೊತ್ತಿಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಪ್ರಸಾದ ತಿಂದೆವು.

"ಪುಳಿಯೋಗರೆಗೆ ಉಪ್ಪು ಕಮ್ಮಿ ಅಲ್ವಾ ಅತ್ತೆ?" ಅಂದುಬಿಟ್ಟೆ.

"ಪ್ರಸಾದಕ್ ಹೆಸ್ರಿಡ್ತಾರೇನೇ!" ಎಂದು ಅವರು ನನ್ನ ತೊಡೆಗೆ ಒಂದು ಏಟು ಕೊಟ್ಟು ನಕ್ಕರು. ಒಂದು ತುತ್ತು ಬಾಯಿಗಿಟ್ಟುಕೊಂಡು, "ಹೂಂ, ಕಮ್ಮೀನೇ" ಅಂದರು.

ಹೆದರಿಕೆ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ. ಅಷ್ಟರಲ್ಲಿ ನಮ್ಮ ಬಸ್ಸು ಬಂತು. ಇಬ್ಬರೂ ಕೈ ಕೊಡವಿಕೊಂಡು ಓಡಿದೆವು.