ಮಾವನಿಗೆ ನಾನು ಕಲಿಸಿದ ‘ರಿ’

ಮೊನ್ನೆ ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಆಟೊ ಹತ್ತಿದೆ. ಓಡಿಸುವವನಿಗೆ ಇಪ್ಪತ್ತೈದು ಇದ್ದೀತು. ನಮ್ಮೂರಲ್ಲೇ ಹೊಲಿದ ಜೀನ್ಸು, ಎರಡೂ ಮಂಡಿಯ ಹತ್ತಿರ ಬೇಕೆಂದೇ ಹರಿದದ್ದು. ಹೊಸ ಬಟ್ಟೆಯ ನೀಲಿ ಬಣ್ಣದ ಘಾಟು ಬೇರೆ. ಈ ಕಾಲದ ಹುಡುಗ, ಹೇಗೆ ಮಾತಾಡುತ್ತಾನೋ ಎಂದು ನಾನು ಬಿಗಿಯಾಗಿ ಕೂತಿದ್ದರೆ, ಅವನು ಹಿಂದೆ ತಿರುಗಿ, “ನಿಧಾನ ಕುಂದರ್ರಿ ಅಜ್ಜಾರ, ಯಾಕ ಅವಸರ ಮಾಡ್ತೀರಿ?” ಎಂದ. ನೋಡಿ, ಪಂಚೆ ಹೋಗಿ ಪ್ಯಾಂಟು ಬಂತು, ಮದರಾಸು ಸರ್ಕಾರ ಹೋಗಿ ಆಂಧ್ರ ಬಂತು, ಈಗ ಪ್ಯಾಂಟೂ ಹರಿಯಿತು; ನಮ್ಮ ‘ರಿ’ ಮಾತ್ರ ಹಾಗೇ ಇದೆ. ಮನೆ ಬರುವವರೆಗೂ ನನಗೆ ಅಮರಾಪುರದ ಮಾವನದೇ ಯೋಚನೆ.

ಒಂದು ಸೀಮೆಯ ಜನರ ಗುಣ ಎಲ್ಲಿರುತ್ತದೆ ಎಂದು ದೊಡ್ಡವರು ದೊಡ್ಡ ಪುಸ್ತಕ ಬರೆದಿದ್ದಾರೆ. ನನಗೆ ಅಷ್ಟು ದೂರ ಹೋಗಲು ಕಾಲಿಲ್ಲ. ನನ್ನ ಪ್ರಕಾರ ಅದು ಮಾತಿನ ಬಾಲದಲ್ಲಿರುತ್ತದೆ. ನಾವು ರಾಯದುರ್ಗದವರು, ಬಳ್ಳಾರಿಯ ಗಾಳಿ ಕುಡಿದವರು. ಜಗಳಕ್ಕೆ ನಿಂತರೂ “ನಿಮ್ಮ ಹಲ್ಲು ಉದುರಿಸ್ತೀನ್ರಿ” ಎಂದು ಮರ್ಯಾದೆಯಿಂದಲೇ ಹೇಳುತ್ತೇವೆ. ಅದೇ ಅನಂತಪುರ ಜಿಲ್ಲೆಯ ಇನ್ನೊಂದು ಮೂಲೆ ಮಡಕಶಿರಕ್ಕೆ ಹೋಗಿ, ಅಲ್ಲಿ ದೇವರಿಗೂ ನೀನು, ದೊರೆಗೂ ನೀನು. ಆ ಕಡೆಯ ಅಮರಾಪುರದ ಹತ್ತಿರದ ಹಳ್ಳಿಗೆ ನಮ್ಮ ಸೋದರತ್ತೆಯನ್ನು ಕೊಟ್ಟಿದ್ದರು. ಹೊಸ ಸೊಸೆ ಎಲ್ಲರಿಗೂ “ಬರ್ರಿ, ಕುಂದರ್ರಿ” ಎಂದರೆ, ಇವಳು ನಮ್ಮನ್ನು ಹೊರಗಿನವರನ್ನಾಗಿ ಮಾಡಿದಳು ಎಂದು ನಾದಿನಿಯರು ಮುಖ ಊದಿಸಿಕೊಂಡಿದ್ದರಂತೆ. ಆಗ ಈ ಮಾತು ಕೇಳಿ ನಾನು ಬಿದ್ದು ಬಿದ್ದು ನಕ್ಕಿದ್ದೆ.

ಅತ್ತೆಯ ಗಂಡ, ಅಂದರೆ ನಮ್ಮ ಮಾವ, ಊರಿನ ಮುನಸೀಪರು. ಮದರಾಸು ಸರ್ಕಾರದ ಕಾಲದಲ್ಲಿ ಹಳ್ಳಿಯ ಯಜಮಾನಿಕೆ ಎಂದರೆ ಅದು. ಅವರ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅವರಿಗೆ ಬಂದದ್ದು. ಒಂದು ಬೇಸಿಗೆ ಹೊಸ ಡೆಪ್ಯುಟಿ ತಹಸೀಲ್ದಾರರು ಊರು ನೋಡಲು ಬಂದರು. ಬಳ್ಳಾರಿ ಕಡೆಯವರು, ಟೋಪಿ, ಬೂಟು, ಹಿಂದೆ ಜವಾನ. ಮಾವ ಜಗಲಿಯಿಂದಲೇ, “ಬಾರಪ್ಪ, ಬಿಸ್ಲಾಗೆ ಬಂದಿದೀಯ. ಕುತ್ಕ, ನೀರ್ ಕುಡಿ” ಎಂದರು. ಸಾಹೇಬರು ನೀರು ಕುಡಿಯಲಿಲ್ಲ. ವಾರದಲ್ಲಿ ನೋಟೀಸು ಬಂತು: ಮೇಲಧಿಕಾರಿಯನ್ನು ಏಕವಚನದಲ್ಲಿ ಅವಮಾನಿಸಿದ ನಿಮ್ಮನ್ನು ಕೆಲಸದಿಂದ ಯಾಕೆ ತೆಗೆಯಬಾರದು?

ಮಾವನಿಗೆ ಅರ್ಥವೇ ಆಗಲಿಲ್ಲ. “ಬೈದಿಲ್ಲ, ಹೊಡೆದಿಲ್ಲ, ನೀರ್ ಕುಡಿ ಅಂದೆ” ಎಂದು ಊರೆಲ್ಲ ಹೇಳಿಕೊಂಡು ಬಂದರಂತೆ. ಮೂರು ತಲೆಮಾರಿನ ಮುನಸೀಪಿಕೆ ತನ್ನ ಕೈಯಲ್ಲಿ ಹೋಗುತ್ತದಲ್ಲ ಎಂದು ಊಟ ಬಿಟ್ಟರು. ಅತ್ತೆ ನನಗೆ ಕಾಗದ ಹಾಕಿಸಿದರು. ನನಗಾಗ ಇಪ್ಪತ್ತು. ಅನಂತಪುರದಲ್ಲಿ ಇಂಟರ್ ಮುಗಿಸಿ ಬಂದಿದ್ದೆ. ಇಂಗ್ಲಿಷು ಮೈಯೆಲ್ಲ ಉಕ್ಕುತ್ತಿತ್ತು, ಅದನ್ನು ಖರ್ಚು ಮಾಡಲು ಜಾಗ ಸಿಕ್ಕಿರಲಿಲ್ಲ. ಡಿಕ್ಷನರಿ ಹಿಡಿದು ಬಸ್ಸು ಹತ್ತಿದೆ.

ಎರಡು ಕೆಲಸ ಮೈಮೇಲೆ ಹಾಕಿಕೊಂಡೆ. ಒಂದು, ಇಂಗ್ಲಿಷಿನಲ್ಲಿ ಕ್ಷಮಾಪಣೆ ಪತ್ರ. ಇನ್ನೊಂದು, ಸಾಹೇಬರು ಮತ್ತೆ ಬರುವುದರೊಳಗೆ ಮಾವನಿಗೆ ‘ರಿ’ ಕಲಿಸುವುದು.

“ಬರ್ರಿ ಅನ್ರಿ ಮಾವ.”

“ಬಾರಿ.”

“ಬಾರಿ ಅಲ್ರಿ, ಬರ್ರಿ.”

“ಒಬ್ನೇ ಬರೋನ್ಗೆ ಯಾಕ್ಲಾ ಬರ್ರಿ? ಅವನ ಹಿಂದೆ ಇನ್ಯಾರಾನ ಬತ್ತಾರಾ?”

ಪಾಪ, ಎಮ್ಮೆಯ ಮುಂದೆ ನಿಂತು “ಏಳ್ರಿ, ಮೇವು ತಿನ್ರಿ” ಎಂದು ಅಭ್ಯಾಸ ಮಾಡಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ನಾನು ಮಾತ್ರ ಮೇಷ್ಟರ ಗತ್ತಿನಲ್ಲಿ ತಿದ್ದುತ್ತಲೇ ಇದ್ದೆ.

ಸಾಹೇಬರು ಬಂದ ದಿನ ಮಾವ ಒಂದು ತಪ್ಪೂ ಮಾಡಲಿಲ್ಲ. “ಬರ್ರಿ” ಆಯಿತು, “ಕುಂದರ್ರಿ” ಆಯಿತು, ನನ್ನ ಪತ್ರವನ್ನು ಎರಡು ಕೈಯಲ್ಲಿ ಕೊಟ್ಟದ್ದೂ ಆಯಿತು. ಸಾಹೇಬರು ಮೆತ್ತಗಾಗಿ ಊಟಕ್ಕೆ ಒಪ್ಪಿದರು. ರಾಗಿಮುದ್ದೆ, ಹುರುಳಿ ಸಾರು. ಅವರು ಜೋಳದ ರೊಟ್ಟಿಯ ಸೀಮೆಯವರು. ಮುದ್ದೆಯ ತುತ್ತನ್ನು ಬಾಯಿಗಿಟ್ಟು ಕಚಕಚ ಅಗಿಯತೊಡಗಿದರು. ಮುದ್ದೆ ಹಲ್ಲಿಗೆ ಅಂಟಿ, ಕಣ್ಣಲ್ಲಿ ನೀರು ಬಂತು. ಮಾವ ಎಷ್ಟು ಹೊತ್ತು ಅಂತ ಸಹಿಸಿಯಾರು? “ಅಯ್ಯೋ, ಅಗೀಬ್ಯಾಡ ಕಣಪ್ಪ! ಸಾರ್ನಾಗೆ ಅದ್ದು, ನುಂಗು!” ಎಂದು ಕೂಗಿಬಿಟ್ಟರು. ಅತ್ತೆ ಬಾಗಿಲು ಹಿಡಿದುಕೊಂಡರು. ಸಾಹೇಬರು ಒಂದು ಗಳಿಗೆ ದಿಟ್ಟಿಸಿ ನೋಡಿದರು, ಅದ್ದಿದರು, ನುಂಗಿದರು. ಎರಡು ಮುದ್ದೆ ಉಂಡು ಕೈತೊಳೆದರು. ಗೆದ್ದೆವು ಎಂದುಕೊಂಡು ನಾನೂ ಅವತ್ತು ಒಂದು ಮುದ್ದೆ ಹೆಚ್ಚು ತಿಂದೆ.

ಹದಿನೈದು ದಿನಕ್ಕೆ ಆರ್ಡರು ಬಂತು. ಮುನಸೀಪಿಕೆ ದಾಯಾದಿಯ ಪಾಲಾಗಿತ್ತು. ಮುದ್ದೆಯ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ನನ್ನ ಪತ್ರದ ಮಾತು. ‘ಎಲ್ಲರನ್ನೂ ಹೀಗೆ ಕರೆಯುವುದು ನನ್ನ ರೂಢಿ’ ಎಂಬುದನ್ನು ನಾನು ಡಿಕ್ಷನರಿಯಿಂದ ಹೆಕ್ಕಿದ ಒಂದು ಭಾರಿ ಪದದಲ್ಲಿ ಹೇಳಿದ್ದೆ. ಈ ಮನುಷ್ಯ ತಪ್ಪು ತನ್ನ ಹಳೆಯ ಚಾಳಿಯೆಂದು ತಾನೇ ಬರೆದುಕೊಟ್ಟಿದ್ದಾನೆ, ತಿದ್ದಿಕೊಳ್ಳುವವನಲ್ಲ ಎಂದು ಮೇಲಿನವರು ತೀರ್ಮಾನಿಸಿದ್ದರು. ನಾನೇ ಓದಿ ಹೇಳಬೇಕಾಯಿತು.

ಮಾವ, “ಆ ಸಾಹೇಬ ಹೊಟ್ಟೆ ತುಂಬ ಉಂಡ್ನಲ್ಲ, ಅಷ್ಟು ಸಾಕು” ಎಂದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮರುದಿನ ಹೊರಟಾಗ ಬಾಗಿಲವರೆಗೆ ಬಂದು, “ಹೋಗಿ ಬರ್ರಿ” ಎಂದರು.

ತಮಾಷೆ ಎಂದುಕೊಂಡೆ. ಮುಂದಿನ ವರ್ಷ ಹೋದಾಗಲೂ “ಬರ್ರಿ, ಕುಂದರ್ರಿ, ಊಟ ಮಾಡ್ರಿ”. ಅದರ ಮುಂದಿನ ವರ್ಷವೂ ಅದೇ. ಸ್ವಾತಂತ್ರ್ಯ ಬಂತು, ಕಲೆಕ್ಟರ್ ಬಂದ, ಮಂತ್ರಿ ಬಂದ. ಎಲ್ಲರಿಗೂ ಮಾವ “ಬಾರಪ್ಪ” ಎಂದೇ ಅಂದರು. ಆಮೇಲೆ ಆ ಸೀಮೆಯಲ್ಲಿ ಅವರ ಬಾಯಿಂದ ‘ರಿ’ ಪಡೆದವನು ನಾನೊಬ್ಬನೇ. ಅದು ಸಿಟ್ಟೋ, ಕುಚೋದ್ಯವೋ, ಕೇಳುವ ಧೈರ್ಯ ಬರಲಿಲ್ಲ. “ಯಾಕ್ಲಾ ಅಳಿಯ” ಎಂದು ಒಂದು ಸಲ ಅಂದುಬಿಡಲಿ ಎಂದು ಅವರು ಸಾಯುವವರೆಗೂ ಕಾದೆ. ಅನ್ನಲಿಲ್ಲ. ಆ ನೋವು ಇನ್ನೂ ಹಾಗೇ ಇದೆ.

ಆಟೊ ಇಳಿದು ಮನೆಗೆ ಬಂದವನಿಗೆ ಏನನ್ನಿಸಿತೋ, ಮಾವನ ಮರಿಮಗಳಿಗೆ ಫೋನು ಮಾಡಿದೆ. ಮಡಕಶಿರದ ಮಂಡಲ ಆಫೀಸಿನಲ್ಲಿ, ಅಂದರೆ ಹಿಂದಿನ ತಾಲ್ಲೂಕು ಕಚೇರಿಯಂಥದ್ದರಲ್ಲಿ, ದೊಡ್ಡ ಕುರ್ಚಿಯಲ್ಲಿದ್ದಾಳೆ ಎಂದು ಕೇಳಿದ್ದೆ, ಮುಖ ನೋಡಿದ್ದಿಲ್ಲ. ಆ ಮನೆಯಲ್ಲಿ ನನ್ನನ್ನು ಈಗಲೂ ‘ರಿ ತಾತ’ ಎನ್ನುತ್ತಾರಂತೆ.

“ನಮಸ್ಕಾರ್ರಿ ಮೇಡಂ” ಎಂದೆ.

“ಯಾರಪ್ಪ ನೀನು? ಏನಾಗ್ಬೇಕು, ಹೇಳು” ಎಂದಳು. ಮತ್ತೆ ತಾನೇ, “ಯಾಕೆ, ದನಿ ಹಿಂಗೈತೆ? ಮೈಯಾಗೆ ಉಷಾರಿಲ್ವಾ?” ಎಂದಳು.

ತೊಂಬತ್ತರ ಹತ್ತಿರದ ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಆ ಕಡೆ ಮಳೆ ಹೇಗೆ ಎಂದು ಕೇಳಿದೆ, ಕಡಲೆಕಾಯಿ ಹೇಗೆ ಎಂದು ಕೇಳಿದೆ. ಎಲ್ಲಕ್ಕೂ ಬೇಸರವಿಲ್ಲದೆ ಹೇಳಿದಳು. “ಅದಿರ್ಲಿ, ನೀನು ಯಾರು ಅಂತ ಹೇಳ್ಲೇ ಇಲ್ವಲ್ಲಪ್ಪ” ಎಂದಾಗ ಮಾತ್ರ ಸುಮ್ಮನೆ ಫೋನು ಇಟ್ಟೆ. ಹೇಳಿದ್ದರೆ, ಅವಳೂ ನನಗೆ ‘ಬರ್ರಿ’ ಅಂದುಬಿಡುತ್ತಿದ್ದಳು.